ಬೆಕ್ಕಿಗೆ ಅರ್ಧ ಡೋಲೋ ಕೊಡಬಹುದೇ? ಮನೆಯ ಮದ್ದಿನ ಡಬ್ಬಿಯನ್ನು ಜರಡಿ ಹಿಡಿಯುವ ಬಗೆ

‘ಬೆಕ್ಕಿನ ಮೈ ಬಿಸಿ ಇದೆ, ಅರ್ಧ ಡೋಲೋ ಕೊಡಬಹುದಾ?’ ಬೆಕ್ಕು ಸಾಕಿದವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅರ್ಧ ಬೇಡ ಅಂದರೆ ಕಾಲು ಆಗುತ್ತಾ ಅನ್ನುತ್ತಾರೆ. ಕಾಲೂ ಬೇಡ ಅಂದರೆ ಮಕ್ಕಳ ಸಿರಪ್ ಆಗುತ್ತಾ ಅನ್ನುತ್ತಾರೆ. ಉತ್ತರ ಒಂದೇ: ಕೊಡಬಾರದು. ಕಾಲು ಮಾತ್ರೆಯೂ ಬೇಡ, ಸಿರಪ್ಪಿನ ಒಂದು ತೊಟ್ಟೂ ಬೇಡ. ಈಗಾಗಲೇ ಕೊಟ್ಟುಬಿಟ್ಟಿದ್ದರೆ ಇಲ್ಲಿಂದ ಓದುತ್ತಾ ಕೂರಬೇಡಿ, ನೇರ ಒಂಬತ್ತನೇ ಹಂತಕ್ಕೆ ಇಳಿಯಿರಿ.

ಬೆಕ್ಕು ಕಪಾಟು ತೆರೆದು ಮಾತ್ರೆ ಕದ್ದು ತಿನ್ನುವುದು ಕಡಿಮೆ. ನಾಯಿಯಂತೆ ಸಿಕ್ಕಿದ್ದನ್ನೆಲ್ಲ ನುಂಗುವ ಪ್ರಾಣಿ ಅದಲ್ಲ, ಮೂಸಿ ನೋಡಿ ಬಿಟ್ಟುಹೋಗುತ್ತದೆ. ಬೆಕ್ಕಿನ ಹೊಟ್ಟೆಗೆ ಮದ್ದು ಹೋಗುವುದು ಬಹುಪಾಲು ಎರಡು ದಾರಿಯಲ್ಲಿ. ಒಂದು, ಪಾಪ ಎಂದು ನಾವೇ ಬಾಯಿ ತೆರೆಸಿ ಹಾಕುವುದು. ಇನ್ನೊಂದು, ಮೈಮೇಲೆ ಬಿದ್ದದ್ದನ್ನು ಅದು ನೆಕ್ಕಿ ಶುಚಿ ಮಾಡಿಕೊಳ್ಳುವುದು. ಈ ಎರಡನ್ನೂ ತಡೆದರೆ ಕೆಲಸ ಮುಕ್ಕಾಲು ಮುಗಿಯಿತು.

ಹಂತಗಳಿಗೆ ಹೋಗುವ ಮುನ್ನ, ನಮಗೆ ಒಗ್ಗಿದ ಮಾತ್ರೆ ಬೆಕ್ಕಿಗೆ ಏಕೆ ಒಗ್ಗುವುದಿಲ್ಲ ಎಂಬುದನ್ನು ತಿಳಿದುಕೊಂಡಿರಿ. ಅದು ಗೊತ್ತಿದ್ದರೆ ಪಟ್ಟಿಯಲ್ಲಿಲ್ಲದ ಮದ್ದಿನ ಬಗ್ಗೆಯೂ ನೀವೇ ಅನುಮಾನ ಪಡಬಲ್ಲಿರಿ. ಔಷಧವನ್ನು ದೇಹದಿಂದ ಹೊರಹಾಕಲು ನಮ್ಮ ಯಕೃತ್ತು, ಅಂದರೆ ಪಿತ್ತಜನಕಾಂಗ, ಅದಕ್ಕೆ ಸಕ್ಕರೆಯಂಥ ಒಂದು ತುಣುಕನ್ನು ಅಂಟಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಈ ಅಂಟಿಸುವ ಕೆಲಸದ ಹೆಸರು ಗ್ಲುಕುರೊನೈಡೇಷನ್. ಅದಕ್ಕೆ ಬೇಕಾದ ಕಿಣ್ವಗಳಲ್ಲಿ ಮುಖ್ಯವಾದ ಒಂದರ ಜೀನ್ ಬೆಕ್ಕಿನ ಕುಲದಲ್ಲೇ ಕೆಟ್ಟು ಕೂತಿದೆ, ಹುಲಿ ಸಿಂಹಗಳಲ್ಲೂ. ಬರೀ ಮಾಂಸ ತಿಂದು ಬದುಕುವ ಪ್ರಾಣಿಗೆ ಗಿಡಮೂಲಿಕೆಯ ವಿಷ ಕರಗಿಸುವ ಅಗತ್ಯವೇ ಬರಲಿಲ್ಲ, ಬಳಸದ ಉಪಕರಣಕ್ಕೆ ತುಕ್ಕು ಹಿಡಿಯಿತು ಎಂಬುದು ವಿಜ್ಞಾನಿಗಳ ವಿವರಣೆ. ಹಾಗಾಗಿ ನಮ್ಮಲ್ಲಿ ಕೆಲವು ಗಂಟೆಗಳಲ್ಲಿ ಇಳಿಯುವ ಮದ್ದು ಬೆಕ್ಕಿನಲ್ಲಿ ದಿನಗಟ್ಟಲೆ ಉಳಿಯುತ್ತದೆ, ಇಲ್ಲವೇ ಅಡ್ಡದಾರಿ ಹಿಡಿದು ವಿಷವಾಗುತ್ತದೆ. ‘ಬೆಕ್ಕು ಚಿಕ್ಕದು, ಡೋಸೂ ಚಿಕ್ಕದು ಮಾಡಿದರಾಯಿತು’ ಎಂಬ ಲೆಕ್ಕ ತಪ್ಪುವುದು ಇಲ್ಲೇ.

ಬೇಕಾಗುವ ಸಾಮಾನು ಇಷ್ಟೇ: ಮನೆಯ ಮದ್ದಿನ ಡಬ್ಬಿ, ಒಂದು ಮಾರ್ಕರ್ ಪೆನ್, ಮುಚ್ಚಳವಿರುವ ಎರಡು ಡಬ್ಬಿ, ಮನುಷ್ಯರು ತೂಕ ನೋಡಿಕೊಳ್ಳುವ ಯಂತ್ರ, ಮತ್ತು ಬೆಕ್ಕಿಗೇ ಎಂದು ಬೇರೆ ಇಡುವ ಒಂದು ಡಿಜಿಟಲ್ ಥರ್ಮಾಮೀಟರ್.

ಹಂತ 1: ಡಬ್ಬಿ ಸುರಿಯಿರಿ, ಬ್ರ್ಯಾಂಡ್ ಹೆಸರು ಬಿಟ್ಟು ಒಳಗಿನ ಹೆಸರು ಓದಿ

ಡಬ್ಬಿಯಲ್ಲಿರುವುದನ್ನೆಲ್ಲ ಚಾಪೆಯ ಮೇಲೆ ಸುರಿಯಿರಿ. ಫ್ರಿಜ್ ಮೇಲಿನದ್ದು, ದಿಂಬಿನಡಿಯದ್ದು, ವ್ಯಾನಿಟಿ ಬ್ಯಾಗಿನದ್ದು, ದೇವರ ಮನೆಯ ಮೂಲೆಯಲ್ಲಿರುವ ಅಜ್ಜಿಯ ಬಾಮ್ ಕೂಡ ಬರಲಿ. ಪ್ರತಿ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಮದ್ದಿನ ನಿಜವಾದ ಹೆಸರು ಇರುತ್ತದೆ. ಕಾಣದಿದ್ದರೆ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಆ ಹೆಸರನ್ನು ಮಾರ್ಕರಿನಲ್ಲಿ ಸ್ಟ್ರಿಪ್ಪಿನ ಮುಂದೆ ದಪ್ಪಗೆ ಬರೆಯಿರಿ.

ಇಲ್ಲಿ ಎಡವುವುದು ಬ್ರ್ಯಾಂಡ್ ಹೆಸರನ್ನು ನಂಬಿ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಮೂರೂ ಪ್ಯಾರಸಿಟಮಾಲ್ ಎಂದು ಬಹಳ ಜನರಿಗೆ ಗೊತ್ತು. ನೆಗಡಿಯ ಸಿನಾರೆಸ್ಟ್, ತಲೆನೋವಿನ ಸ್ಯಾರಿಡಾನ್, ಮೈಕೈ ನೋವಿನ ಕಾಂಬಿಫ್ಲಾಮ್, ಮಂಡಿನೋವಿಗೆ ಬರೆದುಕೊಡುವ ಜೆರೋಡಾಲ್-ಪಿ, ಅಲ್ಟ್ರಾಸೆಟ್ ಎಲ್ಲದರಲ್ಲೂ ಅದೇ ಇದೆ ಎಂಬುದು ಗೊತ್ತಿರುವುದಿಲ್ಲ. ಹೆಸರಿನ ಕೊನೆಗೆ ‘ಪಿ’ ಅಥವಾ ‘ಪ್ಲಸ್’ ಕಂಡರೆ ತಿರುಗಿಸಿ ಓದದೆ ಬಿಡಬೇಡಿ.

ಹಂತ 2: ಪ್ಯಾರಸಿಟಮಾಲ್ ಇರುವುದನ್ನೆಲ್ಲ ಮೊದಲ ಡಬ್ಬಿಗೆ ಹಾಕಿ

ಲೆಕ್ಕ ಮಾಡಿ ನೋಡೋಣ. ಡೋಲೋ 650ರ ಅರ್ಧ ಎಂದರೆ 325 ಮಿಲಿಗ್ರಾಂ. ಬೆಕ್ಕು 4 ಕೆ.ಜಿ. ಇದ್ದರೆ ಕೆ.ಜಿ.ಗೆ 80 ಮಿಲಿಗ್ರಾಂ ದಾಟಿತು. ಕೆ.ಜಿ.ಗೆ 10 ಮಿಲಿಗ್ರಾಂನಲ್ಲೇ ವಿಷವೇರಿದ ಬೆಕ್ಕುಗಳಿವೆ. 40–50 ಮುಟ್ಟಿದರೆ ಅಪಾಯ ಖಚಿತ ಎಂದೇ ಪಶುವೈದ್ಯರು ಲೆಕ್ಕ ಹಾಕುತ್ತಾರೆ. ಅಂದರೆ ಕಾಲು ಮಾತ್ರೆಯೂ ಆ ಗೆರೆಯ ಮೇಲೇ ಇದೆ.

ಒಳಗೆ ಆಗುವುದು ಇದು. ಹೊರಹೋಗಲಾರದ ಪ್ಯಾರಸಿಟಮಾಲ್ ರಕ್ತದ ಕೆಂಪು ಕಣಗಳ ಮೇಲೆ ಬೀಳುತ್ತದೆ. ಆಮ್ಲಜನಕ ಹೊರುವ ಹೀಮೋಗ್ಲೋಬಿನ್ ಕೆಟ್ಟು ‘ಮೆಥಹೀಮೋಗ್ಲೋಬಿನ್’ ಆಗುತ್ತದೆ. ಚೀಲ ಹರಿದ ಹಮಾಲಿಯ ಹಾಗೆ, ಓಡಾಡುತ್ತದೆ ಆದರೆ ಏನನ್ನೂ ಹೊರುವುದಿಲ್ಲ. ಮಾತ್ರೆ ಕೊಟ್ಟ ಕೆಲವೇ ಗಂಟೆಗಳಲ್ಲಿ ಗುಲಾಬಿ ಬಣ್ಣದ ವಸಡು ಕಂದು ಅಥವಾ ನೀಲಿಗಟ್ಟುತ್ತದೆ, ರಕ್ತ ತೆಗೆದರೆ ಚಾಕೊಲೇಟ್ ಬಣ್ಣ. ಬೆಕ್ಕು ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ. ಮುಖ, ಪಂಜ ಊದಿಕೊಳ್ಳುತ್ತವೆ. ಈ ಊತ ಕಂಡು ‘ಜೇನುಹುಳ ಕಚ್ಚಿರಬೇಕು’ ಎಂದುಕೊಂಡು ಒಂದು ದಿನ ಕಳೆಯುವವರಿದ್ದಾರೆ. ಬೆಕ್ಕನ್ನು ಉಳಿಸಲು ಬೇಕಾಗಿದ್ದದ್ದು ಆ ಒಂದು ದಿನವೇ.

ಮಕ್ಕಳ ಔಷಧ ಮೆದು ಎಂಬ ನಂಬಿಕೆಯನ್ನೂ ಬಿಡಿ. ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಅಥವಾ 250 ಮಿಲಿಗ್ರಾಂ ಇದ್ದರೆ, ಹಸುಗೂಸುಗಳಿಗೆ ಕೊಡುವ ಡ್ರಾಪ್ಸ್‌ನಲ್ಲಿ ಒಂದೇ ಮಿ.ಲೀ.ಗೆ 100 ಮಿಲಿಗ್ರಾಂ ಇರುತ್ತದೆ. ಬಾಟಲಿ ಚಿಕ್ಕದಾದಷ್ಟೂ ಮದ್ದು ಗಟ್ಟಿ.

ಈ ಡಬ್ಬಿಯ ಮೇಲೆ ‘ಬೆಕ್ಕಿಗೆ ಎಂದಿಗೂ ಅಲ್ಲ’ ಎಂದು ಬರೆದಿಡಿ. ನೀವು ಊರಲ್ಲಿಲ್ಲದಾಗ ಬೆಕ್ಕು ನೋಡಿಕೊಳ್ಳಲು ಬರುವ ತಂಗಿ, ಪಕ್ಕದ ಮನೆಯವರು ಈ ಲೇಖನ ಓದಿರುವುದಿಲ್ಲವಲ್ಲ.

ಹಂತ 3: ಉಳಿದ ನೋವಿನ ಮಾತ್ರೆಗಳನ್ನೂ ಅದೇ ಡಬ್ಬಿಗೆ ಸೇರಿಸಿ

ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನಿಮೆಸುಲೈಡ್, ನ್ಯಾಪ್ರೊಕ್ಸೆನ್, ಮುಟ್ಟಿನ ನೋವಿಗೆ ತೆಗೆದುಕೊಳ್ಳುವ ಮೆಫ್ಟಾಲ್‌ನಲ್ಲಿರುವ ಮೆಫೆನಾಮಿಕ್ ಆಸಿಡ್. ಇವೆಲ್ಲ ಒಂದೇ ಮನೆತನ. ಹೊಟ್ಟೆಯ ಒಳಪದರವನ್ನೂ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೂ ಕಾಯುವ ಒಂದು ರಾಸಾಯನಿಕವನ್ನು ಇವು ತಡೆಯುತ್ತವೆ, ನೋವು ಇಳಿಯುವುದೂ ಅದರಿಂದಲೇ. ಬೆಕ್ಕಿನಲ್ಲಿ ಹೊಟ್ಟೆ ಹುಣ್ಣಾಗಿ ಕಪ್ಪು ಟಾರಿನಂಥ ಮಲ ಬರುತ್ತದೆ, ಆಮೇಲೆ ಮೂತ್ರಪಿಂಡ ಕೈಕೊಡುತ್ತದೆ. ನಾಯಿಗಿಂತ ಬೆಕ್ಕಿಗೆ ಐಬುಪ್ರೊಫೆನ್ ಸುಮಾರು ಎರಡು ಪಟ್ಟು ಬೇಗ ಏರುತ್ತದೆ.

ಡೈಕ್ಲೊಫೆನಾಕ್ ಹೆಸರು ಕೇಳಿದರೆ ನಮ್ಮಲ್ಲಿ ರಣಹದ್ದು ನೆನಪಾಗಬೇಕು. ಮದ್ದು ಕೊಟ್ಟ ದನ ಸತ್ತು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಹೋಗಿ, ಆಕಾಶವೇ ಖಾಲಿಯಾಯಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು, 2023ರಲ್ಲಿ ಅಸೆಕ್ಲೊಫೆನಾಕ್, ಕೀಟೊಪ್ರೊಫೆನ್‌ಗಳ ಸರದಿ. ಆದರೆ ನಮ್ಮ ಮಂಡಿಗೆ ಇವು ಬೇಕು. ಆದ್ದರಿಂದ ಮನೆಯ ಡಬ್ಬಿಯಲ್ಲಿ ಇದ್ದೇ ಇರುತ್ತವೆ.

ಆಸ್ಪಿರಿನ್ ವಿಷಯ ಸ್ವಲ್ಪ ಬೇರೆ. ಡಿಸ್ಪ್ರಿನ್, ಹೃದಯಕ್ಕೆ ಕೊಡುವ ಇಕೋಸ್ಪ್ರಿನ್ ಎರಡೂ ಅದೇ. ನಮ್ಮ ರಕ್ತದಲ್ಲಿ ಕೆಲವೇ ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುವ ಇದು ಬೆಕ್ಕಿನಲ್ಲಿ ಅರ್ಧಕ್ಕಿಳಿಯಲು ಒಂದೂವರೆ ದಿನಕ್ಕೂ ಹೆಚ್ಚು ಬೇಕು. ರಕ್ತ ಹೆಪ್ಪುಗಟ್ಟುವ ಕಾಯಿಲೆಯಲ್ಲಿ ಪಶುವೈದ್ಯರು ಬೆಕ್ಕಿಗೂ ಆಸ್ಪಿರಿನ್ ಕೊಡುವುದುಂಟು, ಆದರೆ ಎರಡು ಮೂರು ದಿನಕ್ಕೊಮ್ಮೆ, ಬಹಳ ಕಡಿಮೆ. ‘ಡಾಕ್ಟ್ರೇ ಕೊಡ್ತಾರಂತೆ’ ಎಂದು ಯಾರೋ ಹೇಳಿದ ಅರ್ಧ ಮಾತನ್ನು ಹಿಡಿದು ದಿನಕ್ಕೆರಡು ಬಾರಿ ಕೊಟ್ಟರೆ ಒಂದರ ಮೇಲೊಂದು ಪೇರಿಸುತ್ತಾ ಹೋಗುತ್ತದೆ.

ನಾಯಿಗೆಂದು ತಂದು ಉಳಿದ ಮೆಲಾಕ್ಸಿಕಾಮ್ ಕೂಡ ಈ ಡಬ್ಬಿಗೇ. ಬೆಕ್ಕಿಗೆ ಅದನ್ನು ಮತ್ತೆ ಮತ್ತೆ ಕೊಟ್ಟರೆ ಮೂತ್ರಪಿಂಡ ವಿಫಲವಾಗಿ ಸಾವು ಬರಬಹುದು ಎಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಲೇಬಲ್ಲಿನ ಮೇಲೆ ಚೌಕಟ್ಟು ಹಾಕಿ ಬರೆಸಿತು.

ಹಂತ 4: ಹಚ್ಚುವ ಮದ್ದುಗಳನ್ನು ಬೇರೆ ಮಾಡಿ

ಜನ ಮರೆಯುವುದು ಇದನ್ನೇ, ಹಾಗಾಗಿ ಇಲ್ಲಿ ನಿಧಾನ ಮಾಡೋಣ. ಬೆಕ್ಕಿನ ನಾಲಿಗೆಗೂ ಮೈಗೂ ಬಿಡದ ನಂಟು. ಮೈಮೇಲೆ ಏನು ಬಿದ್ದರೂ ಅದು ಹೊಟ್ಟೆಗೆ ಹೋದ ಹಾಗೇ. ನೀವು ಹಚ್ಚಿಕೊಂಡಿದ್ದೂ ಅಷ್ಟೇ: ನಿಮ್ಮ ತೊಡೆಯ ಮೇಲೆ ಮಲಗುತ್ತದೆ, ಮಂಡಿ ನೆಕ್ಕುತ್ತದೆ, ದಿಂಬಿನ ಮೇಲೆ ಹೊರಳುತ್ತದೆ. ನಮ್ಮ ಮನೆಯಲ್ಲಿ ಅಮ್ಮ ಮಂಡಿಗೆ ಜೆಲ್ ಹಚ್ಚಿಕೊಂಡು ಕೂತಾಗಲೇ ಬೆಕ್ಕಿಗೆ ಅವರ ಮಡಿಲು ನೆನಪಾಗುತ್ತದೆ. ಈಗ ಹಚ್ಚಿದ ಮೇಲೆ ಮೇಲೊಂದು ಬಟ್ಟೆ ಸುತ್ತಿಕೊಳ್ಳುತ್ತಾರೆ.

ನೋವಿನ ಜೆಲ್ಲುಗಳಿಂದ ಶುರು ಮಾಡಿ. ವೊಲಿನಿಯಂಥವುಗಳಲ್ಲಿ ಡೈಕ್ಲೊಫೆನಾಕ್ ಜೊತೆಗೆ ಮಿಥೈಲ್ ಸ್ಯಾಲಿಸಿಲೇಟ್ ಇರುತ್ತದೆ. ಎರಡನೆಯದು ಆಸ್ಪಿರಿನ್ನಿನ ದಾಯಾದಿ, ನಮ್ಮ ಗಂಧಪುರ ಎಣ್ಣೆಯೆಂದರೆ ಹೆಚ್ಚುಕಡಿಮೆ ಅದೇ. 2015ರಲ್ಲಿ ಎಫ್‌ಡಿಎ ಇನ್ನೊಂದು ಎಚ್ಚರಿಕೆ ಕೊಟ್ಟಿತ್ತು. ಅಮೆರಿಕದ ಎರಡು ಮನೆಗಳಲ್ಲಿ ಯಜಮಾನರು ಫ್ಲರ್ಬಿಪ್ರೊಫೆನ್ ಇರುವ ನೋವಿನ ಕ್ರೀಮನ್ನು ಹಚ್ಚಿಕೊಂಡದ್ದು ತಮ್ಮ ಕತ್ತಿಗೆ, ಪಾದಕ್ಕೆ. ಬೆಕ್ಕಿಗೆ ಯಾರೂ ಹಚ್ಚಿರಲಿಲ್ಲ. ಒಂದು ಮನೆಯ ಎರಡು ಬೆಕ್ಕುಗಳಿಗೆ ಮೂತ್ರಪಿಂಡ ಕೆಟ್ಟು ಚಿಕಿತ್ಸೆಯಿಂದ ಉಳಿದವು, ಇನ್ನೊಂದು ಮನೆಯಲ್ಲಿ ಮೂರು ಸತ್ತವು.

ಅಮೃತಾಂಜನ, ಜಂಡು, ವಿಕ್ಸ್‌ಗಳಲ್ಲಿ ಕರ್ಪೂರ, ಮೆಂಥಾಲ್, ನೀಲಗಿರಿ ಎಣ್ಣೆಗಳ ಪೈಕಿ ಒಂದಲ್ಲ ಒಂದು ಇದ್ದೇ ಇರುತ್ತದೆ. ಬೆಕ್ಕಿಗೆ ನೆಗಡಿಯಾಗಿ ಮೂಗು ಕಟ್ಟಿದಾಗ ಎದೆಗೋ ಮೂಗಿನ ಬಳಿಗೋ ವಿಕ್ಸ್ ಸವರುವವರು ಇಂದಿಗೂ ಇದ್ದಾರೆ. ಬೇಡ. ಬಾಯಿ, ಚರ್ಮ ಉರಿಯುತ್ತದೆ, ಹೆಚ್ಚು ಹೊಟ್ಟೆಗೆ ಹೋದರೆ ಕರ್ಪೂರ ಫಿಟ್ಸ್ ತರಿಸುತ್ತದೆ.

ಕೂದಲು ಉದುರುವುದಕ್ಕೆ ಹಚ್ಚುವ ಮಿನಾಕ್ಸಿಡಿಲ್ ದ್ರಾವಣ ಮನೆಗಳಿಗೆ ಬಂದಿದ್ದು ಈಚೆಗೆ. ಮಗ ರಾತ್ರಿ ತಲೆಗೆ ಹಚ್ಚಿಕೊಂಡು ಮಲಗುತ್ತಾನೆ, ಬೆಕ್ಕು ಅದೇ ದಿಂಬಿನ ಮೇಲೆ ಮಲಗಿ ಬೆಳಿಗ್ಗೆ ಮೈ ನೆಕ್ಕಿಕೊಳ್ಳುತ್ತದೆ. ಕೆಲವೇ ಹನಿ ಸಾಕು: ರಕ್ತದೊತ್ತಡ ಬಿದ್ದು ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಇಡೀ ಲೇಖನದಲ್ಲಿ ನನಗೆ ಅತಿ ಭಯ ಹುಟ್ಟಿಸುವುದು ಈ ಬಾಟಲಿ, ಏಕೆಂದರೆ ಇದನ್ನು ಯಾರೂ ‘ಔಷಧಿ’ ಅಂದುಕೊಂಡೇ ಇರುವುದಿಲ್ಲ. ಬಚ್ಚಲುಮನೆಯ ಶಾಂಪೂ ಪಕ್ಕದಲ್ಲಿ ನಿಂತಿರುತ್ತದೆ. ಹಚ್ಚುವವರ ಕೋಣೆಗೆ ಬೆಕ್ಕನ್ನು ಬಿಡಬೇಡಿ, ತೊಟ್ಟಿಕ್ಕಿದ್ದನ್ನು ಒರೆಸಿದ ಹತ್ತಿಯನ್ನು ತೆರೆದ ಬುಟ್ಟಿಗೆ ಎಸೆಯಬೇಡಿ.

ಸೋರಿಯಾಸಿಸ್‌ಗೆ ಹಚ್ಚುವ ಕ್ಯಾಲ್ಸಿಪೊಟ್ರಿಯಾಲ್, ಕೆಲವು ಚರ್ಮದ ಗಂಟುಗಳಿಗೆ ಕೊಡುವ ಫ್ಲೋರೊಯುರಾಸಿಲ್ ಕ್ರೀಮು ಮನೆಯಲ್ಲಿದ್ದರೆ ಟ್ಯೂಬಿನ ಮುಚ್ಚಳದ ಅಂಚನ್ನೂ ಒರೆಸಿಡಿ. ಎರಡೂ ಸ್ವಲ್ಪದರಲ್ಲೇ ಕೊಲ್ಲುವಂಥವು.

ಇನ್ನು ಪರ್ಮೆಥ್ರಿನ್ ಎಂಬ ಕೀಟನಾಶಕ. ಕಜ್ಜಿಗೆ ಮನುಷ್ಯರು ಹಚ್ಚುವ 5 ಶೇಕಡಾ ಕ್ರೀಮ್, ಹೇನಿನ ಲೋಷನ್, ನಾಯಿಯ ಉಣ್ಣೆ ಮತ್ತು ಚಿಗಟಕ್ಕೆ ಕತ್ತಿನ ಮೇಲೆ ಬಿಡುವ ಹನಿಮದ್ದು, ಎಲ್ಲದರಲ್ಲೂ ಇದು ಸಿಗಬಹುದು. ನಾಯಿಯ ಹನಿಮದ್ದಿನಲ್ಲಿ ಪ್ರಮಾಣ 50 ಶೇಕಡಾದ ಆಸುಪಾಸು ಇರುವುದುಂಟು. ‘ನಾಯಿಗೆ ತಂದದ್ದು ಉಳಿದಿದೆ, ಬೆಕ್ಕಿಗೂ ಒಂದೆರಡು ಹನಿ’ ಎಂದು ಹಾಕಿದರೆ ಕೆಲವೇ ಗಂಟೆಯಲ್ಲಿ ಕಿವಿ, ಮುಖದ ಚರ್ಮ ಅದುರಲು ಶುರುವಾಗಿ, ಇಡೀ ಮೈ ನಡುಗಿ, ಫಿಟ್ಸ್‌ಗೆ ಹೋಗುತ್ತದೆ. ನಾಯಿಗೆ ಹಾಕಿದರೂ ಮೂರು ದಿನ ಅವೆರಡನ್ನೂ ಒಟ್ಟಿಗೆ ಮಲಗಲು ಬಿಡಬೇಡಿ.

ಗಾಯಕ್ಕೆ ಡೆಟಾಲ್ ಹಾಕುವುದು ನಮಗೆ ಕೈಗೆ ಅಂಟಿದ ಅಭ್ಯಾಸ. ಡೆಟಾಲ್‌ನ ಕ್ಲೋರೊಕ್ಸಿಲೆನಾಲ್, ನೆಲ ಒರೆಸುವ ಕಪ್ಪು ಫಿನಾಯಿಲ್ ಎರಡೂ ಫೀನಾಲ್ ಬಳಗ. ಬೆಕ್ಕಿನ ಯಕೃತ್ತು ಕರಗಿಸಲಾರದ ಬಳಗವೇ ಅದು. ಸ್ಯಾವ್ಲಾನ್‌ನ ಸೆಟ್ರಿಮೈಡ್ ಬೇರೆ ಬಗೆಯದು, ಪಂಜದಿಂದ ನೆಕ್ಕಿದರೆ ನಾಲಿಗೆ ಹುಣ್ಣಾಗಿ ಎರಡು ಮೂರು ದಿನ ಏನೂ ತಿನ್ನುವುದಿಲ್ಲ. ನೆಲ ಒರೆಸಿದ ಮೇಲೆ ಪೂರ್ತಿ ಒಣಗುವ ತನಕ ಬೆಕ್ಕನ್ನು ಹೊರಗಿಡಿ.

ಹಂತ 5: ಅಜ್ಜಿಯ ಮದ್ದನ್ನೂ ಬಿಡಬೇಡಿ

‘ಇದು ಇಂಗ್ಲಿಷ್ ಮದ್ದಲ್ಲ, ಏನೂ ಆಗಲ್ಲ’ ಎಂಬ ಮಾತು ಬೆಕ್ಕಿನ ಮಟ್ಟಿಗೆ ತಲೆಕೆಳಗು. ಗಿಡಮೂಲಿಕೆಯನ್ನು ಕರಗಿಸುವ ಕಿಣ್ವವೇ ತಾನೆ ಅದಕ್ಕೆ ಇಲ್ಲದಿರುವುದು. ಹಲ್ಲುನೋವಿನ ಲವಂಗದ ಎಣ್ಣೆ, ಓಮದ ನೀರು, ಪುದೀನ ಎಣ್ಣೆಯ ಗುಳಿಗೆ, ಟೀ ಟ್ರೀ ಎಣ್ಣೆ ಎಲ್ಲ ದೂರ ಇರಲಿ. ಚಿಗಟಕ್ಕೆಂದು ಬೇವಿನ ಎಣ್ಣೆಯನ್ನು ಮೈಗೆ ಹಚ್ಚಿದ ಬೆಕ್ಕುಗಳಲ್ಲಿ ಜೊಲ್ಲು, ತೂರಾಟ, ನಡುಕ ಕಂಡಿವೆ.

ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವುದು, ಜಂತುಹುಳಕ್ಕೆ ಬೆಳ್ಳುಳ್ಳಿ ಜಜ್ಜಿ ಅನ್ನಕ್ಕೆ ಕಲಸುವುದು ಹಳ್ಳಿ ಪಟ್ಟಣ ಎರಡೂ ಕಡೆ ಇದೆ. ಈರುಳ್ಳಿ, ಬೆಳ್ಳುಳ್ಳಿ ಪ್ಯಾರಸಿಟಮಾಲ್‌ನ ಹಾಗೆಯೇ ಕೆಂಪು ಕಣವನ್ನು ಒಡೆಯುತ್ತವೆ, ಆದರೆ ನಿಧಾನಕ್ಕೆ, ನಾಲ್ಕೈದು ದಿನ ಬಿಟ್ಟು. ಬೆಕ್ಕಿನ ಕೆ.ಜಿ. ತೂಕಕ್ಕೆ 5 ಗ್ರಾಂ ಈರುಳ್ಳಿಯೇ ಸಾಕು. ಬೆಳ್ಳುಳ್ಳಿ ಅದಕ್ಕಿಂತ ಖಾರ. ಬೇಯಿಸಿದರೂ ಗುಣ ಹೋಗುವುದಿಲ್ಲ, ಹಾಗಾಗಿ ಸುಸ್ತಾದ ಬೆಕ್ಕಿಗೆ ನಮ್ಮ ಸಾರಿನ ತಿಳಿ ಕೂಡ ಬೇಡ.

ಉಳುಕಿಗೆ ಅರಿಶಿನ-ಸುಣ್ಣ ಕಲಸಿ ಹಚ್ಚುವುದುಂಟಲ್ಲ, ಅದರಲ್ಲಿ ಅರಿಶಿನ ಸಾಧು, ಸುಣ್ಣ ಬಾಯಿ ಸುಡುತ್ತದೆ. ದನದ ಉಣ್ಣೆಗೆ ಹೊಗೆಸೊಪ್ಪು ನೆನೆಸಿದ ನೀರು ಬಳಸುವವರು ಅದನ್ನು ಬೆಕ್ಕಿನ ಹತ್ತಿರವೂ ಸುಳಿಸಬೇಡಿ. ನಿಕೋಟಿನ್ ಚರ್ಮದಿಂದಲೇ ಒಳಗಿಳಿಯುತ್ತದೆ, ಗಂಟೆಯೊಳಗೆ ಮುಗಿದೂ ಹೋಗಬಹುದು.

ಹಂತ 6: ನಿತ್ಯದ ಮಾತ್ರೆಗಳು, ಮತ್ತು ಬೆಕ್ಕಿನದೇ ಹಳೆಯ ಮದ್ದು

ಇವನ್ನು ಎರಡನೇ ಡಬ್ಬಿಗೆ ಹಾಕಿ. ಬಿ.ಪಿ.ಯ ಆಮ್ಲೊಡಿಪಿನ್ ನೋಡಿ: ಬಿ.ಪಿ. ಇರುವ ಬೆಕ್ಕಿಗೆ ಪಶುವೈದ್ಯರು ಸಾಮಾನ್ಯವಾಗಿ ಶುರು ಮಾಡುವುದು ದಿನಕ್ಕೆ 0.625 ಮಿಲಿಗ್ರಾಂನಿಂದ. ಅಪ್ಪನ ಕೈಯಿಂದ ಜಾರಿ ಬಿದ್ದ 5 ಮಿಲಿಗ್ರಾಂ ಮಾತ್ರೆ ಅದರ ಎಂಟು ಪಟ್ಟು. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಆರೋಗ್ಯವಂತ ಬೆಕ್ಕಿನ ಸಕ್ಕರೆಯನ್ನೂ ಇಳಿಸಿಬಿಡುತ್ತದೆ. ಖಿನ್ನತೆಗೆ ಕೊಡುವ ವೆನ್ಲಾಫ್ಯಾಕ್ಸಿನ್ ಕ್ಯಾಪ್ಸೂಲಿಗೆ ಬೆಕ್ಕುಗಳು ತಾವಾಗಿಯೇ ಬಾಯಿ ಹಾಕುತ್ತವೆ, ಮೂಸಿ ಬಿಟ್ಟುಹೋಗುತ್ತವೆ ಎಂದು ಮೊದಲು ಹೇಳಿದ ಮಾತಿಗೆ ಇದೊಂದು ಅಪವಾದ. ವಾರಕ್ಕೊಂದು ತೆಗೆದುಕೊಳ್ಳುವ 60,000 ಐಯು ವಿಟಮಿನ್ ಡಿ ಮಾತ್ರೆ ಅಥವಾ ಪುಡಿ ಹೋದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ ಮೂತ್ರಪಿಂಡ ಗಟ್ಟಿಯಾಗುತ್ತದೆ, ಲಕ್ಷಣ ಕಾಣಲು ಒಂದೆರಡು ದಿನ ಬೇಕು.

ಮಲಬದ್ಧತೆಗೆ ಮನುಷ್ಯರು ಬಳಸುವ ಸೋಡಿಯಂ ಫಾಸ್ಫೇಟ್ ಎನಿಮಾ, ಹಿಂಬದಿಯಿಂದ ಹಾಕುವ ದ್ರಾವಣ, ಇದನ್ನು ‘ಮೂರು ದಿನದಿಂದ ಕಕ್ಕಸು ಮಾಡಿಲ್ಲ’ ಎಂದು ಬೆಕ್ಕಿಗೆ ಹಾಕಬೇಡಿ. ರಕ್ತದ ಲವಣಗಳೆಲ್ಲ ಏರುಪೇರಾಗಿ ಹೃದಯ ನಿಲ್ಲಬಹುದು.

ಬೆಕ್ಕಿಗೇ ಬರೆದುಕೊಟ್ಟು ಉಳಿದ ಮದ್ದನ್ನೂ ಮುಂದಿನ ಸಲಕ್ಕೆ ಎತ್ತಿಡಬೇಡಿ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆಯನ್ನು ಒಣಗೊರಳಿಗೆ ಹಾಕಿದರೆ ಅನ್ನನಾಳದಲ್ಲೇ ಅಂಟಿ ಸುಟ್ಟು ಕಿರಿದಾಗಿಸುತ್ತದೆ. ಕೊಟ್ಟಾಗಲೆಲ್ಲ ಸಿರಿಂಜಿನಲ್ಲಿ 5–6 ಮಿ.ಲೀ. ನೀರು ನಿಧಾನಕ್ಕೆ ಕುಡಿಸಬೇಕು. ಇನ್ನೊಂದು ಆಂಟಿಬಯೋಟಿಕ್ ಎನ್ರೊಫ್ಲಾಕ್ಸಾಸಿನ್ ಡೋಸು ಮೀರಿದರೆ ಬೆಕ್ಕು ಕುರುಡಾಗಬಹುದು.

ಹಂತ 7: ಜಾಗ ಬದಲಿಸಿ

ಎತ್ತರದಲ್ಲಿಟ್ಟರೆ ಮಕ್ಕಳಿಂದ ತಪ್ಪಿಸಬಹುದು, ಬೆಕ್ಕಿನಿಂದಲ್ಲ. ಚಿಲಕವಿರುವ ಕಪಾಟೇ ಆಗಬೇಕು. ಮಾತ್ರೆಯನ್ನು ಊಟದ ಮೇಜಿನ ಮೇಲೆ ಬಿಡಿಸಿಡಬೇಡಿ, ಬಿದ್ದದ್ದು ಉರುಳಿದರೆ ಬೆಕ್ಕಿಗೆ ಆಟದ ಸಾಮಾನು. ಬಚ್ಚಲುಮನೆಯಲ್ಲೇ ಮಾತ್ರೆ ಬಿಡಿಸಿ ನುಂಗಿದರೆ ಬಿದ್ದದ್ದು ಕೂಡಲೇ ಕಾಣುತ್ತದೆ.

ಹಂತ 8: ಹಾಗಾದರೆ ಮನೆಯಲ್ಲಿ ಏನು ಮಾಡಬಹುದು?

ಮೊದಲು ಜ್ವರ ಇದೆಯೇ ನೋಡಿ. ಬೆಕ್ಕಿನ ಸಹಜ ಉಷ್ಣತೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅಂದರೆ ನಮಗೆ ಜ್ವರ ಎನ್ನುವ ಅಂಕಿ ಅದಕ್ಕೆ ಆರೋಗ್ಯ. ಆರೋಗ್ಯವಂತ ಬೆಕ್ಕಿನ ಕಿವಿ, ಹೊಟ್ಟೆ ಸದಾ ನಮ್ಮ ಕೈಗೆ ಬಿಸಿಯೇ ಅನ್ನಿಸುತ್ತದೆ, ಒಣ ಮೂಗಿಗೂ ಜ್ವರಕ್ಕೂ ಸಂಬಂಧವಿಲ್ಲ. ಕೊಟ್ಟ ಡೋಲೋಗಳಲ್ಲಿ ಎಷ್ಟೋ ಜ್ವರವೇ ಇಲ್ಲದ ಬೆಕ್ಕುಗಳಿಗೆ ಹೋಗಿರುತ್ತವೆ. ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಸವರಿ ಗುದದ್ವಾರದಲ್ಲಿ ಒಂದು ಸೆಂಟಿಮೀಟರಿನಷ್ಟು ಇಟ್ಟು ನೋಡಬೇಕು. ಒಬ್ಬರು ಹಿಡಿದು ಒಬ್ಬರು ನೋಡಿ, ಒದ್ದಾಡಿದರೆ ಬಿಟ್ಟುಬಿಡಿ. 103 ದಾಟಿದ್ದರೆ ಅಂದೇ ವೈದ್ಯರಿಗೆ ತೋರಿಸಿ, 104 ದಾಟಿದ್ದರೆ ಆಗಲೇ ಹೊರಡಿ. ಅಲ್ಲಿಯ ತನಕ ಫ್ಯಾನಿನ ಗಾಳಿ, ಕುಡಿಯಲು ನೀರು, ತಂಪು ನೆಲ. ಐಸ್ ಇಡಬೇಡಿ.

ಮೂಗು ಕಟ್ಟಿದ್ದರೆ ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು ಆವಿ ತುಂಬಿಸಿ, ಬೆಕ್ಕನ್ನು ಎತ್ತಿಕೊಂಡು ಹತ್ತು ನಿಮಿಷ ಕೂರಿ. ನೀರಿಗೆ ಏನನ್ನೂ ಹಾಕಬೇಡಿ. ವಾಸನೆ ಹತ್ತದೆ ಊಟ ಬಿಟ್ಟಿರುತ್ತದೆ, ಮೀನನ್ನು ಸ್ವಲ್ಪ ಬೆಚ್ಚಗೆ ಮಾಡಿ ಇಡಿ. ಎರಡು ದಿನ ಏನೂ ತಿನ್ನದಿದ್ದರೆ ಕಾಯುವಂತಿಲ್ಲ. ಉಪವಾಸ ಬೆಕ್ಕಿನ ಯಕೃತ್ತಿಗೆ ಕೊಬ್ಬು ತುಂಬಿಸುತ್ತದೆ, ದಪ್ಪ ಬೆಕ್ಕಿಗೆ ಇನ್ನೂ ಬೇಗ.

ಗಾಯಕ್ಕೆ ಉಪ್ಪುನೀರೇ ಮದ್ದು. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮುಕ್ಕಾಲು ಟೀ ಚಮಚ ಉಪ್ಪು. ಅದರಿಂದ ಧಾರಾಳವಾಗಿ ತೊಳೆಯಿರಿ. ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರು ಮಾಡಿ ಒರೆಸಬಹುದು, ಒಣಗುವ ತನಕ ನೆಕ್ಕಲು ಬಿಡಬಾರದು. ಬೆಕ್ಕು-ಬೆಕ್ಕಿನ ಜಗಳದ ಕಚ್ಚುಗಾಯ ಹೊರಗೆ ಸೂಜಿಮೊನೆಯಷ್ಟಿದ್ದರೂ ಒಳಗೆ ಕೀವಾಗುತ್ತದೆ. ಅದಕ್ಕೆ ವೈದ್ಯರೇ ಬೇಕು.

ಹಂತ 9: ಹೊಟ್ಟೆಗೆ ಹೋಗಿಬಿಟ್ಟರೆ

ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಬೆಕ್ಕನ್ನು ಒಂದು ಕೋಣೆಯಲ್ಲಿ ಹಾಕಿ ಬಾಗಿಲು ಮುಚ್ಚಿ. ಮಂಚದಡಿ ಸೇರಿಕೊಂಡರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ಬಾಯಲ್ಲಿ ಚೂರು ಉಳಿದಿದ್ದರೆ ತೆಗೆಯಿರಿ. ಸ್ಟ್ರಿಪ್ಪಿನಲ್ಲಿ ಎಷ್ಟು ಉಳಿದಿದೆ ಎಣಿಸಿ, ವಾಂತಿ ಮಾಡಿದ್ದರೆ ಅದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳಿ. ತೂಕ ಗೊತ್ತಿಲ್ಲದಿದ್ದರೆ ಬೆಕ್ಕನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ.

ಮೈಗೆ ಹತ್ತಿದ ಮದ್ದಾದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ ಸೋಪಿನ ಕೆಲವು ಹನಿ ಹಾಕಿ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ. ಬಿಸಿನೀರು ಬೇಡ, ಚರ್ಮ ಇನ್ನಷ್ಟು ಹೀರುತ್ತದೆ. ಮೈ ಅದುರುತ್ತಿದ್ದರೆ ತೊಳೆಯಲು ನಿಲ್ಲದೆ ಹೊರಡಿ.

ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸಿದರೆ ರಕ್ತದಲ್ಲಿ ಉಪ್ಪೇರಿ ಮಿದುಳಿಗೆ ಪೆಟ್ಟು. ಹೈಡ್ರೊಜನ್ ಪೆರಾಕ್ಸೈಡ್ ನಾಯಿಗೆ ಹೇಳಿದ್ದು, ಬೆಕ್ಕಿನ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡುತ್ತದೆ. ಹಾಲು ವಿಷ ಇಳಿಸುವುದಿಲ್ಲ. ಹರಳೆಣ್ಣೆ, ಮಜ್ಜಿಗೆ, ಇದ್ದಿಲಪುಡಿ ಯಾವುದೂ ಬೇಡ. ಒದ್ದಾಡುವ ಬೆಕ್ಕಿಗೆ ಬಲವಂತವಾಗಿ ಸುರಿದದ್ದು ಶ್ವಾಸಕೋಶಕ್ಕೆ ಹೋಗುತ್ತದೆ.

ಹೊರಡುವ ಮುನ್ನ ಫೋನ್ ಮಾಡಿ. ಹೇಳಬೇಕಾದ್ದು ಒಂದೇ ಉಸಿರಿನಲ್ಲಿ: ಮದ್ದಿನ ಒಳಗಿನ ಹೆಸರು, ಎಷ್ಟು, ಎಷ್ಟು ಹೊತ್ತಾಯಿತು, ಬೆಕ್ಕಿನ ತೂಕ, ವಸಡಿನ ಬಣ್ಣ. ‘ನಾನೇ ಕೊಟ್ಟೆ’ ಎನ್ನಲು ನಾಚಬೇಡಿ. ಬೈಗುಳಕ್ಕೆ ಹೆದರಿ ‘ಏನೋ ತಿಂದಿದೆ’ ಎಂದರೆ ವೈದ್ಯರು ಕತ್ತಲಲ್ಲಿ ಹುಡುಕಬೇಕಾಗುತ್ತದೆ. ಕೇಳಬೇಕಾದ್ದು: ಆಮ್ಲಜನಕ ಇದೆಯೇ, ಪ್ಯಾರಸಿಟಮಾಲ್ ಆಗಿದ್ದರೆ ಎನ್-ಅಸಿಟೈಲ್‌ಸಿಸ್ಟೀನ್ ಇದೆಯೇ. ಇದೇ ಪ್ರತಿವಿಷ, ಅಂದರೆ ವಿಷವನ್ನು ಕಟ್ಟಿಹಾಕುವ ಮದ್ದು, ಮನುಷ್ಯರಿಗೂ ಕೊಡುವಂಥದ್ದು. ಪಶು ಆಸ್ಪತ್ರೆಯಲ್ಲಿ ಇಲ್ಲದಿದ್ದರೂ ಮನುಷ್ಯರ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ವೈದ್ಯರು ಬರೆದು ಕಳಿಸಿದರೆ ದಾರಿಯಲ್ಲೇ ತೆಗೆದುಕೊಂಡು ಹೋಗಿ, ಮನೆಯಲ್ಲಿ ನೀವೇ ಕೊಡಲು ಹೋಗಬೇಡಿ. ಪರ್ಮೆಥ್ರಿನ್ ಆಗಿದ್ದರೆ ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಮತ್ತು ಕೊಬ್ಬಿನ ಎಮಲ್ಷನ್ ಡ್ರಿಪ್ ಇದೆಯೇ ಕೇಳಿ.

ಸಣ್ಣ ಊರಿನವರಿಗೆ ಒಂದು ಮಾತು. ‘ದನದ ಡಾಕ್ಟ್ರು ಬೆಕ್ಕು ನೋಡ್ತಾರಾ’ ಎಂದು ಹಿಂಜರಿಯಬೇಡಿ, ಅವರು ಓದಿದ ಪದವಿಯಲ್ಲಿ ಬೆಕ್ಕೂ ಇದೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳಿಗೆ ಹೊಂದಿದ ಆಸ್ಪತ್ರೆಗಳಿವೆ. ರಾತ್ರಿ ತೆರೆದಿರುವ ಕ್ಲಿನಿಕ್ ನಿಮ್ಮ ಹತ್ತಿರ ಯಾವುದು ಎಂದು ಇವತ್ತೇ ಕೇಳಿಟ್ಟುಕೊಂಡು ಫ್ರಿಜ್ ಮೇಲೆ ಅಂಟಿಸಿ. 1962 ಸರ್ಕಾರದ ಸಂಚಾರಿ ಪಶುಚಿಕಿತ್ಸೆಯ ಸಂಖ್ಯೆ, ಮುಖ್ಯವಾಗಿ ಜಾನುವಾರುಗಳಿಗೆ. ಅಮೆರಿಕದಲ್ಲಿರುವ ಕನ್ನಡಿಗರು 888-426-4435ಕ್ಕೆ, ಬ್ರಿಟನ್ನಿನವರು 01202 509000ಕ್ಕೆ ಕರೆ ಮಾಡಬಹುದು. ಎರಡೂ ಪ್ರಾಣಿಗಳ ವಿಷಪ್ರಾಶನಕ್ಕೆಂದೇ ಇರುವ ಸಹಾಯವಾಣಿಗಳು, ಶುಲ್ಕ ಇದೆ.

ಕೊನೆಯ ಎಡವು ಇದು: ಬೆಕ್ಕು ಎದ್ದು ಓಡಾಡುತ್ತಿದೆ ಎಂದು ಹೋಗದಿರುವುದು, ಅಥವಾ ಮೊದಲ ದಿನ ಡ್ರಿಪ್ ಹಾಕಿಸಿ ಆಮೇಲೆ ಮರೆಯುವುದು. ನೋವಿನ ಮಾತ್ರೆ, ವಿಟಮಿನ್ ಡಿ ಮಾಡಿದ ಹಾನಿ ಮೂತ್ರಪಿಂಡದಲ್ಲಿ ಕಾಣುವುದು ಎರಡನೇ, ಮೂರನೇ ದಿನ. ನೀರು ಜಾಸ್ತಿ ಕುಡಿಯುತ್ತಿದೆಯೇ, ಮೂತ್ರ ಹೆಚ್ಚಾಗಿದೆಯೇ ಅಥವಾ ನಿಂತೇ ಹೋಗಿದೆಯೇ, ಮಲ ಕಪ್ಪಗಿದೆಯೇ ನೋಡುತ್ತಿರಿ. ಮೊದಲ ದಿನವೇ ಕ್ರಿಯಾಟಿನಿನ್ ಪರೀಕ್ಷೆ, ಅಂದರೆ ಮೂತ್ರಪಿಂಡ ಎಷ್ಟು ಸೋಸುತ್ತಿದೆ ಎಂದು ಹೇಳುವ ರಕ್ತ ಪರೀಕ್ಷೆ ಮಾಡಿಸಿ ಚೀಟಿಯ ಫೋಟೊ ತೆಗೆದಿಡಿ. 48ರಿಂದ 72 ಗಂಟೆಯೊಳಗೆ ಮತ್ತೆ ಮಾಡಿಸಿದಾಗ ಹೋಲಿಸಲು ಆ ಅಂಕಿ ಬೇಕಾಗುತ್ತದೆ.